ಕಥೆ ಅಕ್ಕನ ಹೊಟ್ಟೆಕಿಚ್ಚು

ಹಾಲ್‌ನ ಬಾಗಿಲಲ್ಲೇ ಅವಳ ಕಾಲುಗಳು ನಿಂತುಬಿಟ್ಟವು.

ಒಳಗೆ ಚಾಪೆಗಳ ಮೇಲೆ ಮಕ್ಕಳು ಬಾಯಿ ಬಿಟ್ಟುಕೊಂಡು ಕುಳಿತಿದ್ದರು. ಅವರೆದುರು ಎತ್ತರದ ಹುಡುಗಿಯೊಬ್ಬಳು ಕಣ್ಣರಳಿಸಿ, ಕೈ ಬೀಸಿ, ಬಿರುಗಾಳಿಗೆ ಸಿಕ್ಕ ದೋಣಿಯ ಕಥೆ ಹೇಳುತ್ತಿದ್ದಳು. ಪಕ್ಕದ ಕಪ್ಪು ಹಲಗೆಯ ಮೇಲೆ, ಎಲ್ಲರಿಗೂ ಬೆನ್ನು ಹಾಕಿಕೊಂಡು ಅವನು ಚಿತ್ರ ಬರೆಯುತ್ತಿದ್ದ.

ಅವನು! ತನ್ನ ಮಾತಿಗಲ್ಲದೆ ಬೇರೆ ಯಾರ ಮಾತಿಗೂ ಸೀಮೆಸುಣ್ಣ ಹಿಡಿಯದಿದ್ದವನು...

ಅಲೆ ಎದ್ದಿತು ಎಂದು ಆ ಹುಡುಗಿ ಹೇಳಿದ ಕ್ಷಣಕ್ಕೇ ಹಲಗೆಯ ಮೇಲೂ ಅಲೆ ಎದ್ದಿತು. ಅವನ ಕೈ ಒಂಚೂರೂ ಹಿಂದೆ ಬೀಳಲಿಲ್ಲ. ಬಿದ್ದಿದ್ದರೆ ಬಾಗಿಲಲ್ಲಿ ನಿಂತವಳಿಗೆ ಎಷ್ಟೋ ಹಾಯೆನಿಸುತ್ತಿತ್ತು.

ವಾರವಿಡೀ ಅವನು ಅಂಗಡಿಗಳಿಗೆ ಬೋರ್ಡು ಬರೆಯುವವನು. ಭಾನುವಾರ ಈ ಕ್ರೈಸ್ತ ಮಿಷನ್ನಿನ ಹಾಲ್‌ಗೆ ಬರುವ ಮಕ್ಕಳಿಗೆ ಬೋರ್ಡ್ ಅಣ್ಣ. ಇವಳು ವಾರವಿಡೀ ಟೈಲರ್ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುವವಳು, ಭಾನುವಾರ ಅದೇ ಮಕ್ಕಳಿಗೆ ಕಥೆ ಅಕ್ಕ. ಇವಳು ಹೇಳುವುದು, ಅವನು ಬರೆಯುವುದು. ಅದು ಯಾವುದರ ಚಿತ್ರ ಎಂದು ಕೊನೆಯ ಗೆರೆಯವರೆಗೂ ಮಕ್ಕಳಿಗೆ ತಿಳಿಯಬಾರದು. ಹಾಗಾಗಬೇಕಾದರೆ ಇಬ್ಬರ ಉಸಿರೂ ಒಂದೇ ಆಗಿರಬೇಕು ಎಂದು ಪಾಸ್ಟರಮ್ಮ ಆಗಾಗ ಛೇಡಿಸುತ್ತಿದ್ದರು. ಇಬ್ಬರೂ ನಾಚಿ ಸುಮ್ಮನಾಗುತ್ತಿದ್ದರು. ಮನಸ್ಸಿನಲ್ಲಿದ್ದುದು ಮಾತ್ರ ಯಾರ ಬಾಯಿಂದಲೂ ಹೊರಬಿದ್ದಿರಲಿಲ್ಲ.

ಆಮೇಲೆ ಬಂತು ಆ ಕೆಟ್ಟ ಕಾಲ.

ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಪುಟ್ಟಿಗೆ ಜ್ವರ ಬಂತು. ನಾವೆಲ್ಲ ಪ್ರಾರ್ಥನೆ ಮಾಡೋಣ, ಪುಟ್ಟಿ ಖಂಡಿತ ಎದ್ದು ಬರುತ್ತಾಳೆ ಎಂದು ಇವಳೇ ಮಕ್ಕಳಿಗೆ ಹೇಳಿದ್ದಳು. ಮಕ್ಕಳು ಕಣ್ಣು ಬಿಗಿಯಾಗಿ ಮುಚ್ಚಿ ಬೇಡಿಕೊಂಡರು. ಪುಟ್ಟಿ ಎದ್ದು ಬರಲಿಲ್ಲ.

ಮುಂದಿನ ಭಾನುವಾರಕ್ಕೆ ಮೊದಲೇ ನಿಗದಿಯಾಗಿದ್ದ ಕಥೆ, ತೀರಿಕೊಂಡ ಹುಡುಗಿಯನ್ನು ಯೇಸು ಕೈಹಿಡಿದು ಎಬ್ಬಿಸಿದ್ದು. ಅರ್ಧ ಹೇಳಿದ್ದಳು, ಅಷ್ಟರಲ್ಲಿ ಗುಂಗುರು ಕೂದಲಿನ ಹುಡುಗಿಯೊಬ್ಬಳು ಕೈ ಎತ್ತಿ, ಹಾಗಾದ್ರೆ ನಮ್ಮ ಪುಟ್ಟಿ ಯಾಕೆ ಏಳಲಿಲ್ಲ ಎಂದು ಕೇಳಿದಳು.

ಇವಳು ಕಥೆಯನ್ನು ಅಲ್ಲಿಗೇ ಬಿಟ್ಟಳು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವನು ಟೈಲರ್ ಅಂಗಡಿಯವರೆಗೂ ಹುಡುಕಿಕೊಂಡು ಬಂದಿದ್ದ. ಈಗ ಮಾತು ಬೇಡ ಎಂದು ತಲೆಯೆತ್ತದೆ ಕಳಿಸಿದಳು. ಮತ್ತೆ ಬಂದ, ಮತ್ತೆ ಕಳಿಸಿದಳು. ಆಮೇಲೆ ಅವನು ಬರಲಿಲ್ಲ. ಬರದೇ ಹೋದಾಗ ಅದಕ್ಕೂ ಸಿಟ್ಟು ಮಾಡಿಕೊಂಡಳು.

ಇವತ್ತು ಸುಮ್ಮನೆ ಒಮ್ಮೆ ಬಂದು ಮಕ್ಕಳ ಮುಖ ನೋಡು ಎಂದು ಪಾಸ್ಟರಮ್ಮ ಗೋಗರೆದಿದ್ದರಿಂದ ಬಂದಿದ್ದಳು. ಬಂದರೆ ಇದು!

ಕಥೆ ಮುಗಿಯಿತು. ಗುಂಗುರು ಕೂದಲಿನವಳು ಇವಳನ್ನು ಮೊದಲು ಕಂಡಳು. ಓಡಿ ಬಂದು ಕಾಲು ತಬ್ಬಿಕೊಳ್ಳುತ್ತಾಳೆ ಎಂದುಕೊಂಡರೆ, ಹೋಗಲೇ ಎಂದು ಅಪ್ಪಣೆ ಕೇಳುವಂತೆ ಆ ಎತ್ತರದ ಹುಡುಗಿಯ ಮುಖ ನೋಡಿದಳು. ಇವಳ ಎದೆ ಚುರುಕ್ ಎಂದಿತು.

ಆ ಹುಡುಗಿ ಆಸ್ಪತ್ರೆಯಲ್ಲಿ ನರ್ಸ್ ಅಂತೆ. ಮಕ್ಕಳ ಬಾಯಲ್ಲಿ ನರ್ಸಕ್ಕ. ನೋಡನೋಡುತ್ತಿದ್ದಂತೆ ನರ್ಸಕ್ಕ ಅವನ ಭುಜದ ಮೇಲೆ ಬಿದ್ದ ಸೀಮೆಸುಣ್ಣದ ಪುಡಿಯನ್ನು ಕೈಯಿಂದ ಕೊಡವಿದಳು. ಅವನೂ ನಗುತ್ತಾ ನಿಂತಿದ್ದ!

'ಅಲ್ಲೇ ಇರಲಿ ಅಂತ ಬಿಡಬಾರದಾ ಆ ಪುಡಿನ? ಅವನಿಗೇನು ಕೈ ಇಲ್ಲವಾ?'

ಅವನು ಇವಳನ್ನು ನೋಡಿದ. ನಗು ನಿಂತಿತು. ಹತ್ತಿರ ಬಂದು, ಚೆನ್ನಾಗಿದ್ದೀರಾ ಎಂದು ಕೇಳಿದ. ನೀನು ಎಂದೇ ಮಾತಾಡಿಸುತ್ತಿದ್ದವನ ಬಾಯಲ್ಲಿ ಈಗ ಬಹುವಚನ. ಚೆನ್ನಾಗಿದ್ದೀನಿ ಎಂದಳು. ಅಷ್ಟು ದೊಡ್ಡ ಸುಳ್ಳನ್ನು ಅವಳು ಆ ಹಾಲ್‌ನಲ್ಲಿ ಹಿಂದೆಂದೂ ಹೇಳಿರಲಿಲ್ಲ.

ಜಾಗ ತುಂಬಿದೆಯಲ್ಲ, ನಾನಿನ್ನು ಬರುವುದಿಲ್ಲ ಎಂದು ಪಾಸ್ಟರಮ್ಮನಿಗೆ ಹೇಳಿ ಗೇಟಿನ ಹತ್ತಿರ ಬಂದಳು. ಹಿಂದೆಯೇ ಚಪ್ಪಲಿ ಸದ್ದು. ನರ್ಸಕ್ಕ!

"ಸ್ವಲ್ಪ ನಿಲ್ಲಿ. ನೀವು ಅರ್ಧಕ್ಕೆ ಬಿಟ್ಟ ಕಥೆನ ಮಕ್ಕಳು ಇನ್ನೂ ಕೇಳ್ತಾನೇ ಇದಾರೆ. ನಾನು ಹೇಳ್ತೀನಿ ಅಂದ್ರೆ ಬೇಡ್ವಂತೆ. ಅದು ಕಥೆ ಅಕ್ಕಂದಂತೆ."

ಇವಳು ಗೇಟಿಗೆ ಕೈ ಹಾಕಿದಳು.

"ಅವರೂ ಅಷ್ಟೇ. ಬೇರೆ ಏನು ಬೇಕಾದ್ರೂ ಬರೀತೀನಿ, ಅದೊಂದನ್ನ ಬಿಟ್ಟು ಅಂದ್ರು." ನರ್ಸಕ್ಕ ಒಂದು ಕ್ಷಣ ಗೇಟಿನ ಚಿಲಕ ನೋಡುತ್ತಾ ನಿಂತಳು. "ನಾನು ಅವರನ್ನ ಇನ್ನೂ ಒಂದು ಮಾತು ಕೇಳಿದ್ದೆ, ನಾಚಿಕೆ ಬಿಟ್ಟು. ಅದಕ್ಕೂ ಆಗಲ್ಲ ಅಂದ್ರು. ಯಾಕೆ ಅಂತ ನಿಮಗೇ ಗೊತ್ತಿರಬೇಕು."

ಅಯ್ಯೋ ಪಾಪ ಎನಿಸಬೇಕಿತ್ತು. ಅನಿಸಿತು ಕೂಡ... ಆದರೆ ಅದಕ್ಕೂ ಮೊದಲು ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು! ಅದು ಮುಖದಲ್ಲಿ ಕಾಣದಿರಲಿ ಎಂದು ತಲೆ ತಗ್ಗಿಸಿದಳು. ಕಾಣದೆ ಇರುತ್ತದೆಯೇ?

"ಖುಷಿ ಪಡಿ, ಪರವಾಗಿಲ್ಲ," ಎಂದಳು ನರ್ಸಕ್ಕ. "ನಿಮ್ಮ ಮುಖಾನೂ ನೋಡದೆ, ನಾನು ಇಷ್ಟು ದಿನ ನಿಮ್ಮ ಮೇಲೆ ಉರ್ಕೊಂಡಿದ್ದೆ."

ಆಗ ಇವಳಿಗೆ ನಿಜವಾಗಿ ನಾಚಿಕೆಯಾಯಿತು. ಮತ್ತೆ ಬಂದು ಚಿಕ್ಕ ಮಕ್ಕಳಿಗೆ ನಾನು ಕಥೆ ಹೇಳುತ್ತೇನೆ, ದೊಡ್ಡ ಮಕ್ಕಳಿಗೆ ನೀವು ಹೇಳುವುದನ್ನು ಬಿಡಬಾರದು ಎಂದು ನರ್ಸಕ್ಕನ ಕೈ ಹಿಡಿದು ಕೇಳಿಕೊಂಡಳು. ಯೋಚಿಸಿ ಹೇಳುತ್ತೇನೆ ಎಂದು ನರ್ಸಕ್ಕ ಕೈ ಬಿಡಿಸಿಕೊಂಡು ಹೋದಳು.

ಮುಂದಿನ ಭಾನುವಾರ ಅವಳು ಚಾಪೆಯ ಮುಂದೆ ನಿಂತಳು. ಅವನು ಸೀಮೆಸುಣ್ಣ ಹಿಡಿದು ಕಾಯುತ್ತಿದ್ದ. ಅರ್ಧಕ್ಕೆ ಬಿಟ್ಟ ಕಥೆಯನ್ನೇ ಮೊದಲಿನಿಂದ ಶುರು ಮಾಡಿದಳು. ಕಾಯಿಲೆ ಬಿದ್ದ ಮಗಳು, ದಾರಿಯಲ್ಲಿ ಓಡುವ ಅಪ್ಪ, ಮನೆಯೊಳಗೆ ಅಳು...

ಗುಂಗುರು ಕೂದಲಿನವಳ ಕೈ ಮೇಲೆದ್ದಿತು. ಪ್ರಶ್ನೆ ಅದೇ. ಸೀಮೆಸುಣ್ಣದ ಸದ್ದು ನಿಂತಿತು.

ಅವಳು ಚಾಪೆಯ ಮೇಲೆ ಮಕ್ಕಳ ನಡುವೆಯೇ ಕುಳಿತಳು.

"ಗೊತ್ತಿಲ್ಲ ಕಂದ. ಪುಟ್ಟಿ ಎದ್ದು ಬರ್ತಾಳೆ ಅಂತ ಮಾತು ಕೊಟ್ಟಿದ್ದು ನಾನು, ದೇವರಲ್ಲ. ನಾನು ಹಾಗೆ ಹೇಳಬಾರದಿತ್ತು. ಆಮೇಲೆ ನನಗೆ ದೇವರ ಮೇಲೇ ಕೋಪ ಬಂತು, ಓಡಿಹೋದೆ."

ಹುಡುಗಿ ಅವಳನ್ನೇ ದಿಟ್ಟಿಸಿ ನೋಡಿದಳು.

"ನಮಗೂ ಕೋಪ ಬಂದಿತ್ತು ಅಕ್ಕ. ನಾವು ಓಡಿಹೋಗಲಿಲ್ಲ."

ಕಣ್ಣೀರು ತಡೆಯಲಾಗಲಿಲ್ಲ. ತಪ್ಪಾಯಿತು ಎಂದಳು. ಮಕ್ಕಳು ಒಬ್ಬೊಬ್ಬರಾಗಿ ಸರಿದು ಅವಳಿಗೆ ಒತ್ತಿಕೊಂಡು ಕೂತರು, ಯಾರ ಮುಖವನ್ನೂ ನೋಡದೆ, ಯಾರ ಅಪ್ಪಣೆಯನ್ನೂ ಕೇಳದೆ. ಪುಟ್ಟಿಯ ನೆನಪಿಗೆ ಎಲ್ಲರೂ ಸೇರಿ ಒಂದಿಷ್ಟು ಅತ್ತರು. ಆಮೇಲೆ ಆ ಮನೆಯ ಹುಡುಗಿ ಎದ್ದ ಕಥೆಯನ್ನು, ಕುಳಿತಲ್ಲಿಂದಲೇ ಕೊನೆಯವರೆಗೂ ಹೇಳಿದಳು. ಅವನ ಕೈ ಎರಡು ಸಲ ಹಿಂದೆ ಬಿತ್ತು. ಅವನ ಕಣ್ಣೂ ಒದ್ದೆಯಾಗಿತ್ತು.

ಮಕ್ಕಳೆಲ್ಲ ಹೋದ ಮೇಲೆ ಇಬ್ಬರೂ ಚಾಪೆ ಸುತ್ತತೊಡಗಿದರು. ಒಂದು ತುದಿ ಅವನು, ಒಂದು ತುದಿ ಅವಳು.

"ಆವತ್ತು ಬಾಗಿಲಲ್ಲಿ ನಿಂತು ನನ್ನನ್ನ ಸುಡೋ ಹಾಗೆ ನೋಡಿದೆಯಲ್ಲ, ಯಾಕೆ?"

'ಇಲ್ಲಪ್ಪ, ನಾನೆಲ್ಲಿ ನೋಡಿದೆ' ಎನ್ನಲು ಬಾಯಿ ತೆರೆದಳು. ಇನ್ನೊಂದು ಸುಳ್ಳು ಬೇಡವೆನಿಸಿತು.

"ಹೊಟ್ಟೆ ಉರೀತು. ಮಕ್ಕಳು ಅವಳ ಮಾತು ಕೇಳಿದ್ದಕ್ಕೆ ಉರೀತು. ನಿನ್ನ ಕೈ ಅವಳ ಮಾತು ಕೇಳಿದ್ದಕ್ಕೆ ಇನ್ನೂ ಜಾಸ್ತಿ ಉರೀತು."

ಅವನು ಚಾಪೆಯ ತುದಿಯನ್ನು ಕೈಬಿಟ್ಟ.

"ಎಂಥ ಪೆದ್ದ ನಾನು... ನಿನಗೆ ಸಮಾಧಾನ ಕೊಡಪ್ಪ ದೇವರೇ ಅಂತ ದಿನಾ ಪ್ರಾರ್ಥನೆ ಮಾಡ್ತಿದ್ದೆ. ಹೊಟ್ಟೆಕಿಚ್ಚು ಕೊಡಪ್ಪ ಅಂದಿದ್ರೆ ನೀನು ಯಾವತ್ತೋ ಬಂದುಬಿಡ್ತಿದ್ದೆ."

ಅಳುವೂ ನಗುವೂ ಒಟ್ಟಿಗೇ ಬಂದವು ಅವಳಿಗೆ.

"ದಿನಾನೂ ಮಾಡ್ತಿದ್ಯಾ?"

"ದಿನಾನೂ. ಪ್ರೀತಿಸ್ತೀನಲ್ಲ, ಇನ್ನೇನು ಮಾಡ್ಲಿ? ನೀನಂತೂ ಅಂಗಡಿ ಒಳಗೂ ಬಿಡ್ಲಿಲ್ಲ."

ಅವಳು ತನ್ನ ತುದಿಯನ್ನೂ ಕೆಳಗಿಟ್ಟು, ಅವನ ಹತ್ತಿರ ಬಂದು ನಿಂತಳು.

"ನಾನೂ ಪ್ರೀತಿಸ್ತೀನಿ. ನಾಳೆ ಅಂಗಡಿ ಹತ್ತಿರ ಬಾ... ಈ ಸಲ ತಲೆ ಎತ್ತಿ ಮಾತಾಡ್ತೀನಿ."