ಓದದ ಹೆಸರು

ಕರಾಕೋಲ್ ಪಟ್ಟಣದ ಜಪಾರ್ ಅವರ ಕರುಳನ್ನು ಬಹುಪಾಲು ಕತ್ತರಿಸಿ ತೆಗೆದು ಎರಡು ವರ್ಷ. ಊಟವೆಲ್ಲ ಚೀಲದಿಂದ ನೇರ ರಕ್ತನಾಳಕ್ಕೆ. ಬುಧವಾರ ಸಂಜೆ ಚೀಲ ತೂಗುಹಾಕಿದ ಕಾಲು ಗಂಟೆಗೇ ಬೆವತು ಕುಸಿದರು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಆದರೆ ಚೀಲದಲ್ಲಿ ಖನಿಜದ ಔಷಧದ ಬದಲು—ಇನ್ಸುಲಿನ್!

ಇನ್ಸುಲಿನ್ ಅವರ ಹೆಂಡತಿ ಬುರುಲ್ ಅವರದ್ದು. ಚೀಲಕ್ಕೆ ಔಷಧ ಬೆರೆಸುವವಳು ಸೊಸೆ ಮೀರಿಮ್. ತೀರ್ಪಿಗೆ ಇನ್ನೇನು ಬೇಕು? ಚೀಲದ ಕೆಲಸ ಕಲಿಸಿಕೊಟ್ಟಿದ್ದ ನರ್ಸ್ ರಾಕಿಯಾಳನ್ನು ಮರುದಿನ ಬೆಳಿಗ್ಗೆ ಆಸ್ಪತ್ರೆಯ ಚಾಲಕನಾದ ನಾನು ವ್ಯಾನಿನಲ್ಲಿ ಕರೆದೊಯ್ದಾಗ ಸೊಸೆಯ ಪೆಟ್ಟಿಗೆ ಆಗಲೇ ಹೊಸ್ತಿಲಾಚೆ ಕೂತಿತ್ತು.

“ತೌರಿಗೆ ಹೋಗ್ಲಿ!” ಎಂದರು ಬುರುಲ್. “ನನ್ನ ಮಗಳು ಚಿನಾರಾನೂ ನರ್ಸು. ದಿನಾ ಪಕ್ಕದಲ್ಲಿ ನಿಂತು ತಾಳೆ ನೋಡ್ತಾಳೆ. ಆದ್ರೂ ಹಿಂಗಾಯ್ತು ಅಂದ್ರೆ?”

“ಕೈಚಳಕ ಕಣಮ್ಮ,” ಎಂದಳು ಚಿನಾರಾ, ಚಹಾ ಊದುತ್ತ.

ರಾಕಿಯಾ ಫ್ರಿಜ್ ತೆರೆದಳು. ಮಾವನ ಔಷಧಕ್ಕೊಂದು ಡಬ್ಬಿ, ಅತ್ತೆಯದ್ದಕ್ಕೊಂದು. ಅತ್ತೆಯ ಡಬ್ಬಿಯಲ್ಲಿ ಕುದುರೆಮಾಂಸ ತುಂಬಿದ ಸಾಸೇಜು, ಚುಚುಕ್, ಮಲಗಿತ್ತು.

“ಇದು ಯಾರು ತಂದಿದ್ದು?”

“ನನ್ನ ಮಗಳೇ, ನಿನ್ನೆ ಮಧ್ಯಾಹ್ನ. ಜೋಡಿಸಿಟ್ಟವಳೂ ಅವಳೇ.”

“ಇದಕ್ಕೆ ಜಾಗ ಮಾಡೋಕೆ ಇನ್ಸುಲಿನ್ ಎತ್ತಿ ಅಪ್ಪನ ಡಬ್ಬಿಗೆ ಹಾಕಿದವಳೂ?”

ಚಹಾ ಊದುವುದು ನಿಂತಿತು.

“ಮೀರಿಮ್, ಸೀಸೆ ಮೇಲಿನ ರೋಗಿಯ ಹೆಸರು ಗಟ್ಟಿಯಾಗಿ ಓದ್ಬೇಕು ಅಂತ ಹೇಳಿಕೊಟ್ಟಿದ್ದೆ. ಓದಿದ್ಯಾ?”

“ಅತ್ತೆ-ಮಾವನ ಹೆಸರು ನಾನು ಹೇಳೋ ಹಾಗಿಲ್ಲವಲ್ಲ, ಅಕ್ಕ? ಚೀಟಿ ಕಡೆ ಕಣ್ಣೂ ಹಾಯಿಸಲ್ಲ. ‘ನಿನ್ನ ಬಾಯಿ ನಾನಾಗ್ತೀನಿ, ನಾನೇ ಓದ್ತೀನಿ’ ಅಂದಿದ್ರು, ನಾದಿನಿ.”

“ನಿನ್ನೆ ಆದ್ರಾ?”

ಮೀರಿಮ್ ಕಣ್ಣು ನಾದಿನಿಯ ಕಡೆ ಹೋಯಿತು. ರಾಕಿಯಾ ಗೋಡೆಯ ತಪಾಸಣಾ ಹಾಳೆ ಕಿತ್ತು ಮೇಜಿನ ಮೇಲಿಟ್ಟಳು.

“ನಿನ್ನೆ ಸಂಜೆ ಆರಕ್ಕೆ ಚಿನಾರಾಳ ಸಹಿ. ಸರಿ. ಎಲ್ಲರೂ ಆ ಸಾಲು ನೋಡಿದ್ರಿ, ಅದರ ಕೆಳಗೆ ಯಾರೂ ನೋಡ್ಲಿಲ್ಲ. ಇವತ್ತು ಗುರುವಾರ—ಬರೋ ಭಾನುವಾರದ ಸಂಜೆಗೂ ಸಹಿ ಬಿದ್ದಿದೆ! ವಾರದ ಸಹಿಯೆಲ್ಲ ಮೊದಲೇ ಹಾಕಿಟ್ಟಿದ್ದೀಯ; ನಿನ್ನೆ ಆರಕ್ಕೆ ನೀನು ಇಲ್ಲಿರಲೇ ಇಲ್ಲ, ಚಿನಾರಾ. ಸೀಸೆಯ ಡಬ್ಬಿ ಬದಲಾಯಿಸಿದ್ದೂ ನೀನು, ತಾಳೆ ನೋಡದೆ ಹೋದದ್ದೂ ನೀನು.”

“ಅವಳೇ ಓದಬಹುದಿತ್ತಲ್ಲ!”

“ನೀವು ಇರ್ಲಿಲ್ಲ ಅನ್ನೋದನ್ನ ಹೇಳ್ಬೇಡ ಅಂದಿದ್ರಿ ಅಂತ ನಿನ್ನೆಯಿಂದ ಬಾಯಿ ಬಿಡ್ಲಿಲ್ಲ,” ಎಂದಳು ಮೀರಿಮ್ ನಾದಿನಿಗೆ. “ನನ್ನ ಪೆಟ್ಟಿಗೆ ಹೊರಗಿಟ್ಟವರೂ ನೀವೇ.”

ಕಸದ ಡಬ್ಬಿಯಿಂದ ಇನ್ಸುಲಿನ್‌ನ ಖಾಲಿ ಸೀಸೆ ಎತ್ತಿಕೊಂಡಳು. ಒಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ, ಅತ್ತೆಯ ಎದುರಿಗೇ ಓದಿದಳು:

“ಬುರುಲ್.”

ಅತ್ತೆ ಮಗಳನ್ನೇ ದಿಟ್ಟಿಸುತ್ತಿದ್ದರು.

“ಇನ್ನೊಂದ್ಸಲ ಓದಮ್ಮ,” ಎಂದರು. “ಗಟ್ಟಿಯಾಗಿ.”