ಏರಿನಲ್ಲಿ ಮಾತ್ರ ಬರುವ ಸದ್ದು

ನನ್ನ ಗಂಡ ಗಂಗರಾಜುವಿನ ತಿಥಿ ಊಟ ಮುಗಿಸಿ ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ಕೊಂಡ್ಲಹಳ್ಳಿಯ ನಮ್ಮ ಮನೆಯಲ್ಲಿ ಹಾಲು ಉಕ್ಕಿತು. ಒಲೆ ಒರೆಸಿದೆ. ಅಳು ಬರಲಿಲ್ಲ.

ಅತ್ತೆ ಕಾಟಮ್ಮ ಅವನ ಕಪಾಟಿನಿಂದ ಪಿಸ್ತೂಲಿನಂಥದ್ದೊಂದನ್ನು ತಂದಿಟ್ಟರು. ಟೈಮಿಂಗ್ ಲೈಟ್, ಇಂಜಿನ್ನಿನ ಕಿಡಿ ಸರಿಯಾದ ಹೊತ್ತಿಗೆ ಬೀಳುತ್ತದೆಯೇ ಎಂದು ನೋಡುವ ದೀಪ. ಅವನ ಗೆಳೆಯ, ಚಳ್ಳಕೆರೆಯ ಮೆಕ್ಯಾನಿಕ್ ದುರುಗೇಶನದು.

"ಸತ್ತೋರ ಹೆಸರಲ್ಲಿ ಎರವಲು ಸಾಮಾನು ಉಳೀಬಾರ್ದು. ಕೊಟ್ಟು ಬಾರವ್ವ. ಹಂಗೇ ಆ ಕಾರು ಗುಜರಿಗೆ ಹಾಕು. ಇಂಜಿನ್ ಹೋಗೈತಂತೆ."

ಹಳೇ ಮಾರುತಿ. ಮದುವೆಗೆ ಮುಂಚೆ, ಬಸ್ಸು ತಪ್ಪಿದ ದಿನ ಗಂಗರಾಜು ಅದರಲ್ಲಿ ನನ್ನನ್ನು ಕೂರಿಸಿಕೊಂಡಿದ್ದ. ಹಿಂದಿನ ಸೀಟಿನಲ್ಲಿದ್ದ ನನ್ನನ್ನು ಕನ್ನಡಿಯಲ್ಲಿ ನೋಡುತ್ತ ನಾನು ಇಳಿಯಬೇಕಿದ್ದ ಕಾಲೇಜನ್ನೇ ದಾಟಿಸಿಬಿಟ್ಟ.

"ದಾರಿ ತಪ್ಪಿತಾ?"

"ಇಲ್ಲ ಮೇಡಂ, ಬ್ರೇಕ್ ಹಿಡೀಲಿಲ್ಲ."

ಅವನ ಹಿಂದೆ ಈ ಕಾರೂ ಹೋಗುವುದೇ?

ಲೈಟನ್ನು ಪಕ್ಕದ ಸೀಟಿನಲ್ಲಿಟ್ಟು ಚಳ್ಳಕೆರೆಗೆ ಕಾರು ಹೊರಡಿಸಿದೆ. ದಾರಿಯಲ್ಲಿ ಏರು ಬಂತು. ಬಾನೆಟ್ಟಿನೊಳಗೆ ಡಬ್ಬಿಯಲ್ಲಿ ಗೋಲಿ ಕುಲುಕಿದಂಥ ಸದ್ದು. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಸದ್ದು ನಿಂತಿತು. ಒತ್ತಿದೆ. ಮತ್ತೆ ಬಂತು.

ಗ್ಯಾರೇಜಿನಲ್ಲಿ ದುರುಗೇಶ್ ನನ್ನ ಮುಖ ನೋಡಲಾರದೆ ಬಾನೆಟ್ ಎತ್ತಿದ.

"ಏನಾಗೈತೆ ಅತ್ತಿಗೆ?"

"ಏರಲ್ಲಿ ಬಡಿಯುತ್ತೆ. ಕಾಲು ತೆಗೆದ್ರೆ ಸುಮ್ಮನಾಗುತ್ತೆ. ಬೇರಿಂಗ್ ಹೋಗಿದ್ಯಾ?"

ಇಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿ ಅದಕ್ಕಿಟ್ಟು ಹಿಡಿಗೆ ಕಿವಿಗೊಟ್ಟ. "ಬೇರಿಂಗಲ್ಲ." ನಾನು ತಂದ ಲೈಟನ್ನೇ ಜೋಡಿಸಿ ಹಿಡಿದ. ಮಿನುಗುವ ಬೆಳಕಿನಲ್ಲಿ, ಗಿರಗಿರನೆ ತಿರುಗುವ ಇಂಜಿನ್ನಿನ ಚಕ್ರ ನಿಂತ ಹಾಗೆ ಕಂಡಿತು. ಅದರ ಮೇಲಿನ ಗೆರೆ, ಸೇರಬೇಕಾದ ಗುರುತಿನಿಂದ ದೂರವಿತ್ತು.

ದುರುಗೇಶ್ ನಕ್ಕುಬಿಟ್ಟ. "ಕಳ್ಳ ನನ್ಮಗ! ಟೈಮಿಂಗ್ ಮುಂದಕ್ಕೆ ತಳ್ಳವ್ನೆ. ಹೊತ್ತಿಗೆ ಮುಂಚೇನೇ ಕಿಡಿ ಬೀಳ್ತೈತೆ, ಅದಕ್ಕೇ ಏರಲ್ಲಿ ಬಡಿಯೋದು. ಬೈದೆ, ತಪ್ಪು ತಿಳೀಬೇಡಿ."

"ಬೈಯಿರಿ. ಯಾಕೆ ಹಾಗೆ ಮಾಡಿದ?"

"ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಹೋಗುವಾಗ ಇದಕ್ಕಿಂತ ಕತ್ತೆ ವಾಸಿ ಅಂದಿದ್ರಂತಲ್ಲ ನೀವು? 'ಲೇ ದುರುಗ, ಪಿಕಪ್ ಹೆಚ್ಚಿಸ್ಬೇಕು ಕಣೋ, ಅವಳ ಮುಂದೆ ಮಾನ ಹೋಗೈತೆ' ಅಂತ ಲೈಟ್ ಒಯ್ದ."

ನನಗೆ ನಗು ಬಂತು. ಅದರ ಬೆನ್ನಿಗೇ, ಇಷ್ಟು ದಿನ ಬಾರದ ಅಳು. ದುರುಗೇಶ್ ಆ ಕಡೆ ತಿರುಗಿ ಸ್ಪ್ಯಾನರ್ ಒರೆಸುತ್ತ ನಿಂತ.

"ಅವನಿಟ್ಟ ಹಂಗೇ ಇರ್ಲಾ ಅತ್ತಿಗೆ?"

"ಇದ್ರೆ?"

"ಇಂಜಿನ್ ನಿಜವಾಗ್ಲೂ ಹೋಗ್ತೈತೆ."

"ಬೋಲ್ಟ್ ಸಡಿಲ ಮಾಡಿ," ಅಂದೆ.

ದುರುಗೇಶ್ ಬೋಲ್ಟ್ ಸಡಿಲಿಸಿ ಲೈಟ್ ಹಿಡಿದ. ಗಂಗರಾಜು ತಿರುಗಿಸಿದ್ದ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಅದೇ ಜಾಗದಲ್ಲಿ ಹಿಡಿದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದೆ. ಗೆರೆ ಮೆಲ್ಲಗೆ ಸರಿದು ಗುರುತಿಗೆ ಬಂದು ನಿಂತಿತು.

ಊರಾಚೆಯ ಏರು ಹತ್ತಿಸಿ ನೋಡಿದೆವು. ಸದ್ದಿಲ್ಲ.

"ಪಿಕಪ್ ಕಮ್ಮಿ ಆಯ್ತು," ಅಂದ ದುರುಗೇಶ್.

"ಕತ್ತೆಯಾಗೇ ಇರಲಿ. ಮನೆಗೆ ಕರಕೊಂಡು ಹೋಗ್ತೀನಿ."

ಗ್ಯಾರೇಜಿನಲ್ಲಿ ಇಳಿದು, ಲೈಟನ್ನು ಸೆರಗಿನಿಂದ ಒರೆಸಿ ಎರಡೂ ಕೈಯಲ್ಲಿ ಅವನಿಗೆ ಕೊಟ್ಟೆ.

"ತಗೊಳ್ಳಿ. ನಿಮ್ಮ ಗೆಳೆಯನ ಕೆಲಸ ಆಯ್ತು."