ಬೇರೆ ಬಟ್ಟಲು

ಶನಿವಾರ ಮಧ್ಯಾಹ್ನ ಗೆಳತಿಯರನ್ನು ಕರೆದಿದ್ದೇನೆ ಎಂದು ನನ್ನ ಹೆಂಡತಿ ಹೇಳಿದಾಗ, ಅವರಿಗೆ ವಿಷಯ ತಿಳಿಸಲು ಎಂದುಕೊಂಡೆ. ಡಾಕ್ಟರು ಅವಳಿಗೆ ಕೊಟ್ಟಿದ್ದು ಒಂದು ತಿಂಗಳ ಗಡುವು. ಆದರೆ ನಾನು ತಿಳಿದದ್ದು ತಪ್ಪು. ಏನೂ ತಿಳಿಸಬಾರದೆಂದೇ ಕರೆದಿದ್ದಳು.

"ಒಂದು ಮಧ್ಯಾಹ್ನ ನಾನು ರೋಗಿ ಆಗಿರಬಾರದು, ರೀ. ಅಷ್ಟೇ."

ಬರುವವರು ಮೂವರು, ಇಪ್ಪತ್ತೆಂಟು ವರ್ಷ ಅವಳ ಜೊತೆ ಒಂದೇ ವಾರ್ಡಿನಲ್ಲಿ ದುಡಿದ ನರ್ಸುಗಳು. ಅವರ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ ಎಂದೆ. ಅವಳು ಆಗಲೇ ಕೆನ್ನೆಗೆ ಬಣ್ಣ ಹಚ್ಚಿ, ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದಳು.

ಬಿಸಿ ಚೀಸ್ ಡಿಪ್ ಆಗಲೇಬೇಕಿತ್ತು. ವಾರ್ಡಿನಲ್ಲಿ ತಟ್ಟೆ ಹಾಕಿಕೊಂಡು ಕೂರಲು ಪುರಸೊತ್ತಿಲ್ಲದೆ, ಒಂದೇ ಪಾತ್ರೆಯ ಸುತ್ತ ನಿಂತು ಬ್ರೆಡ್ ಅದ್ದಿ ತಿನ್ನುವುದು ಅವರ ರೂಢಿ. ಮಾಡುತ್ತಿದ್ದವಳು ಇವಳೇ. ಈಗ ಇವಳಿಗೆ ನಿಲ್ಲಲು ಆಗುತ್ತಿರಲಿಲ್ಲ.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಒಲೆಯ ಮೇಲೆ ನನಗೆ ಗೊತ್ತಿದ್ದುದು ಮೈದಾ ಅಂಟು ಕುದಿಸುವುದೊಂದೇ. ಹಾಗೆಯೇ ಚೀಸನ್ನೂ ಗುಳ್ಳೆ ಏಳುವವರೆಗೆ ಕುದಿಸಿದೆ. ಎಣ್ಣೆ ಮೇಲೆ ತೇಲಿತು, ಕೆಳಗೆ ರಬ್ಬರಿನಂಥ ಮುದ್ದೆ ನಿಂತಿತು.

ಅವಳು ಕುರ್ಚಿಯಿಂದಲೇ ಕತ್ತು ಚಾಚಿ ನೋಡಿ, ಇದರಲ್ಲಿ ದಪ್ಪ ನಿಘಂಟನ್ನೇ ಅಂಟಿಸಬಹುದು ಎಂದು ನಕ್ಕಳು. ನಗುವಿನ ಹಿಂದೆಯೇ ಕೆಮ್ಮು ಬಂತು. ಬೆನ್ನು ಸವರಿದೆ. ಕೈಗೆ ಮೂಳೆಗಳೇ ಸಿಕ್ಕವು.

ಎರಡನೆಯ ಸಲ ಅವಳು ಹೇಳಿದಂತೆ ಮಾಡಿದೆ. ಬೆಣ್ಣೆಯಲ್ಲಿ ಹಿಟ್ಟು ಹುರಿದು, ಹಾಲು ಬೆರೆಸಿ, ಗಟ್ಟಿಯಾದ ಮೇಲೆ ಉರಿ ಆರಿಸಿ, ತುರಿದ ಚೀಸನ್ನು ಹಿಡಿ ಹಿಡಿಯಾಗಿ ಹಾಕಿದೆ. ಅವಸರ ಬೇಡ, ತಾನಾಗಿ ಕರಗುತ್ತದೆ ಎನ್ನುತ್ತಿದ್ದಳು. ಅವಳ ಕಣ್ಣು ಪಾತ್ರೆಯ ಮೇಲಿರಲಿಲ್ಲ, ನನ್ನ ಮೇಲಿತ್ತು. ಈ ವಯಸ್ಸಿನಲ್ಲೂ ನನಗೆ ನಾಚಿಕೆಯಾಯಿತು.

ಆಗ ಡಾಕ್ಟರ ಮಾತು ನೆನಪಾಯಿತು. ಸಣ್ಣ ಸೋಂಕನ್ನೂ ಅವಳು ತಾಳಲಾರಳು, ಯಾರ ಎಂಜಲೂ ಆಗದು. ಅವಳೊಬ್ಬಳಿಗೆ ಬೇರೆ ಬಟ್ಟಲಿಟ್ಟರೆ ಗೆಳತಿಯರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಅವಳಿಗೂ ಅದು ಹೊಳೆದು ಮುಖ ಬಾಡಿತು. ಹಸಿವಿಲ್ಲ ಅಂದುಬಿಡುತ್ತೇನೆ ಎಂದಳು.

ಗೆಳತಿಯರು ಬಂದರು. ಇವತ್ತಿನ ಅಡುಗೆ ನನ್ನದು ಎಂದು ಪಾತ್ರೆಯನ್ನು ಅವರ ನಡುವೆ ಇಟ್ಟೆ. ನಾನು ಎರಡು ಬಟ್ಟಲು ತುಂಬಿ, ಒಂದನ್ನು ಅವಳಿಗೆ ಕೊಟ್ಟು, ಒಂದನ್ನು ನಾನಿಟ್ಟುಕೊಂಡೆ.

"ಇದೇನು ಭಾವ, ನಮ್ಮ ಎಂಜಲು ಆಗಲ್ವಾ?" ಎಂದು ಅವರಲ್ಲಿ ಹಿರಿಯವಳು ಕೆಣಕಿದಳು.

ದಿನವೂ ದೇವರ ಮುಂದೆ ನಿಲ್ಲುವ ನನಗೆ ಸುಳ್ಳು ಅಭ್ಯಾಸವಿಲ್ಲ. ಆದರೂ ಹೇಳಿದೆ: "ಕಾಯಿಲೆ ನನಗೆ. ಹೊಟ್ಟೇಲಿ ಸೋಂಕು, ಅಂಟೋ ಅಂಥದ್ದು. ಇವಳು ನನ್ನ ಜೊತೆ ಇರೋಳಲ್ವಾ, ಅದಕ್ಕೆ ಇವಳಿಗೂ ಬೇರೆ."

ಉಳಿದಿಬ್ಬರು ಗೇಲಿ ಮಾಡಿ ನಕ್ಕರು. ಹಿರಿಯವಳು ನಗಲಿಲ್ಲ. ಅಂಟುರೋಗದವನು ಅಡುಗೆ ಮಾಡಿದ್ದಾನೆಂದರೆ ಯಾವ ನರ್ಸು ನಂಬುತ್ತಾಳೆ? ಅವಳು ನನ್ನ ಮುಖ ನೋಡಿದಳು, ನನ್ನವಳ ಬಿಳಿಚಿದ ಉಗುರು ನೋಡಿದಳು. ಒಳಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ಮೂರು ಬಟ್ಟಲು ತಂದಳು.

"ನನಗೂ ಶೀತ ಕಣ್ರೇ. ಎಲ್ಲರೂ ಬೇರೆ ಬೇರೆ ತಿನ್ನೋಣ."

ಉಳಿದಿಬ್ಬರ ನಗು ನಿಂತಿತು. ಒಬ್ಬೊಬ್ಬರೂ ಒಂದೊಂದು ಬಟ್ಟಲು ತುಂಬಿಕೊಂಡರು. ಸ್ವಲ್ಪ ಹೊತ್ತಿಗೆ ಯಾರೋ ಹಳೆಯ ಮುಂಗೋಪಿ ಸರ್ಜನ್ನರ ಮಾತು ತೆಗೆದರು. ನನ್ನವಳು ಅವರಂತೆ ಗುಡುಗಿ ತೋರಿಸಿದಳು, ಮೂರು ತುಂಡು ಬ್ರೆಡ್ ತಿಂದಳು. ಹೊರಡುವಾಗ ಹಿರಿಯವಳು ಬಾಗಿಲಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದು, ಬಿಟ್ಟು, ಮೆಟ್ಟಿಲಿಳಿದಳು.

"ಅವರಿಗೆ ಗೊತ್ತಾಯ್ತು," ಎಂದಳು ನನ್ನವಳು.

"ಗೊತ್ತಾಯ್ತು. ಆದ್ರೂ ಯಾರೂ ನಿನ್ನನ್ನ ರೋಗಿ ಮಾಡ್ಲಿಲ್ಲ."

"ನೀವಾದ್ರಲ್ಲ. ಇಷ್ಟು ದೊಡ್ಡ ಸುಳ್ಳು ಯಾಕೆ ಅಂತ ದೇವರು ಕೇಳಿದ್ರೆ ಏನು ಹೇಳ್ತೀರಿ?"

"ನಿನ್ನ ಮೇಲೆ ಪ್ರೀತಿ ಅಂತೀನಿ."

ನಲವತ್ತು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅದಾದ ಒಂಬತ್ತನೆಯ ದಿನ ಹೋದಳು. ದೇವರು ಇನ್ನೂ ಕೇಳಿಲ್ಲ. ನಾನಂತೂ ದಿನಾ ಬೆಳಗ್ಗೆ ಕೈ ಮುಗಿದು ಅದನ್ನೇ ಹೇಳುತ್ತಿದ್ದೇನೆ.